ಮೂರು ಬಡಿತಕ್ಕೆ ಮುಂಚೆ

ನಿಧಾನಸ್ಥರಿಗೆ ಇಡಲು ನನ್ನ ಬಾಯಲ್ಲಿ ಹೆಸರುಗಳಿಗೆ ಎಂದೂ ಬರವಿರಲಿಲ್ಲ. ಆಮೆ, ಬಸವನಹುಳು ಎಲ್ಲರೂ ಅನ್ನುವಂಥವು. ಅವನ್ನು ಹೊಸಬರಿಗೆ ಮೀಸಲಿಟ್ಟಿದ್ದೆ. ಏನು ಹೇಳಿದರೂ 'ಆಮೇಲೆ ಮಾಡ್ತೀನಿ' ಅನ್ನುವವಳು ಆಮೇಲಮ್ಮ. ಕರೆದಾಗಲೆಲ್ಲ 'ಬಂದೆ, ಬಂದೆ' ಎನ್ನುತ್ತ ಕೂತಲ್ಲೇ ಕೂತಿರುವವಳು ಬಂದೆಬಂದೆ. ಒಂದು ದಿಂಬಿನ ಕವರ್ ಮಡಿಸುವುದರೊಳಗೆ ಎರಡು ಸಲ ಆಕಳಿಸುವವಳು ಜೋಗುಳ. ಲಿಫ್ಟು ನಡೆಸುವವನ ಮೇಲೆ ಎಷ್ಟು ಬೈಗುಳ ಸುರಿದರೂ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ, ಅವನು ಎಮ್ಮೆರಾಯ. ಹೆಸರಿಟ್ಟರೆ ಜನ ಚುರುಕಾಗುತ್ತಾರೆ ಎಂದು ನಾನು ನಂಬಿದ್ದೆ. ಯಾರೂ ಚುರುಕಾಗಲಿಲ್ಲ, ಹೆಸರುಗಳು ಮಾತ್ರ ಅಂಟಿಕೊಂಡವು.

ಅವರೇನೂ ಕಡಿಮೆಯವರಲ್ಲ. ಬೆನ್ನ ಹಿಂದೆ ನನ್ನನ್ನು ಸೈರನ್ ಅನ್ನುತ್ತಿದ್ದರು. ನನಗೆ ಗೊತ್ತಿತ್ತು, ಬೇಸರವೂ ಇರಲಿಲ್ಲ. ಸೈರನ್ ಕೂಗದಿದ್ದರೆ ಕೆಲಸ ಶುರುವಾಗುವುದಾದರೂ ಹೇಗೆ?

ನಮ್ಮದು ಲಾಂಡ್ರಿ. ಬೀದಿ ಬದಿಯ ಇಸ್ತ್ರಿ ಅಂಗಡಿಯಲ್ಲ. ಆಸ್ಪತ್ರೆ ಹೋಟೆಲುಗಳ ಬೆಡ್‌ಶೀಟು, ಟವೆಲ್ಲು, ದಿಂಬಿನ ಕವರುಗಳು ಲಾರಿಗಟ್ಟಲೆ ಬಂದು ಬೀಳುವ ಹಳೇ ಕಟ್ಟಡ. ಕೆಳಗೆ ಬಾಯ್ಲರು ಮತ್ತು ಒಗೆಯುವ ಯಂತ್ರಗಳು, ನಡುವೆ ಗೋದಾಮು, ಎಲ್ಲಕ್ಕಿಂತ ಮೇಲೆ, ಕಿಟಕಿಗಳು ದೊಡ್ಡದಾಗಿರುವ ನಾಲ್ಕನೇ ಮಹಡಿಯಲ್ಲಿ, ಇಸ್ತ್ರಿಮನೆ. ಅಲ್ಲಿನ ಮೂವತ್ತಾರು ಜನಕ್ಕೆ ನಾನು ಸೂಪರ್‌ವೈಸರ್. ಒದ್ದೆ ಬಟ್ಟೆ ಸಾಮಾನಿನ ಲಿಫ್ಟಿನಲ್ಲಿ ಮೇಲೆ ಬರುತ್ತದೆ, ಮನುಷ್ಯರು ಮೆಟ್ಟಿಲು ಹತ್ತಿ ಬರುತ್ತಾರೆ. ತೊಂಬತ್ತಾರು ಮೆಟ್ಟಿಲು, ಏಳು ತಿರುವು.

ಬಿಸಿಹಬೆಯ ಪೈಪು ಇದೇ ಮೆಟ್ಟಿಲ ಗೋಡೆಗುಂಟ ಮೇಲೇರುತ್ತದೆ. ಹಿಂದೆ ಅದರ ಬೆಸುಗೆಗಳು ಸಡಿಲವಿದ್ದವಂತೆ. ಬೆಳಗಿನ ಮೊದಲ ಹಬೆ ಬಿಟ್ಟಾಗ ಎಲ್ಲಾದರೂ ಒಂದು ಕಡೆ ಭುಸ್ಸೆಂದು ಹೊರಕ್ಕೆ ಹಾರುತ್ತಿತ್ತಂತೆ. ಅದಕ್ಕೇ ಒಂದು ಪದ್ಧತಿ: ಎಲ್ಲರಿಗಿಂತ ಕೊನೆಯಲ್ಲಿ ಮೇಲೆ ಬಂದವರು ಬಾಗಿಲು ಹಾಕಿ, ಪಕ್ಕದ ಮೊಳೆಗೆ ತೂಗುಹಾಕಿದ ಸ್ಪ್ಯಾನರಿನಿಂದ ಪೈಪಿಗೆ ಮೂರು ಸಲ ಬಡಿಯಬೇಕು. ಮೆಟ್ಟಿಲ ಮೇಲೆ ಯಾರೂ ಇಲ್ಲ ಎಂದರ್ಥ. ಕೆಳಗಿನ ಬಾಯ್ಲರ್ ಮೇಸ್ತ್ರಿ ತಾನೂ ಒಂದು ಸಲ ಬಡಿದು ಹಬೆ ಬಿಡುತ್ತಾನೆ. ಪೈಪು ಬದಲಾಗಿ ಕಾಲವಾಯಿತು, ಈಗ ಒಂದು ಹನಿಯೂ ಸೋರುವುದಿಲ್ಲ. ಪದ್ಧತಿ ಮಾತ್ರ ಉಳಿದಿದೆ. ಯಾವಾಗಲೋ ಯಾರಿಗೋ ಹಬೆ ಹೊಡೆದು ಅನಾಹುತವಾಗಿತ್ತು ಎನ್ನುವುದಷ್ಟೇ ನನಗೆ ಗೊತ್ತಿತ್ತು.

ಎಂದರೆ, ಕೊನೆಯವರು ಬಂದು ಬಡಿಯುವ ತನಕ ಮೂವತ್ತೈದು ಜನ ಕೈಕಟ್ಟಿ ನಿಂತಿರಬೇಕು. ಆ ಕೊನೆಯವರು ದಿನಾ ಒಬ್ಬಳೇ. ಸಾವಕಾಶಮ್ಮ.

ಈ ಹೆಸರು ನಾನಿಟ್ಟದ್ದಲ್ಲ, ನಾನು ಕೆಲಸಕ್ಕೆ ಸೇರುವ ಮೊದಲೇ ಇತ್ತು. ಅರವತ್ತು ದಾಟಿದ ಹೆಂಗಸು. ಅವಳು ತಡವಾಗಿ ಬರುವವಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ಎಲ್ಲರಿಗಿಂತ ಮೊದಲು, ಆರೂವರೆಗೇ ಬಂದು, ಏಪ್ರನ್ ಕಟ್ಟಿಕೊಂಡು ಕೆಳಗಿನ ಬೆಂಚಿನ ಮೇಲೆ ಕೂರುತ್ತಿದ್ದಳು. ಪ್ರತಿಯೊಬ್ಬರೂ ಹತ್ತಿಹೋಗುವುದನ್ನು ನೋಡುತ್ತಿದ್ದಳು. ಕಟ್ಟಕಡೆಯವರು ಹೋದ ಮೇಲೆ ಎದ್ದು ಕಂಬಿ ಹಿಡಿದು ಹೊರಡುತ್ತಿದ್ದಳು. ಬೇಗ ಬಂದು ತಡವಾಗಿ ಹತ್ತುವವಳನ್ನು ಏನೆಂದು ಕರೆಯುವುದು? ನನ್ನ ಬಳಿ ಹೆಸರಿರಲಿಲ್ಲ.

ಮೇಲೆ ಬಂದ ಮೇಲಾದರೂ ಬಡಿಯುತ್ತಾಳೆಯೇ? ಇಲ್ಲ. ಬಾಗಿಲಲ್ಲಿ ನಿಂತು ಕೆಳಗೆ ನೋಡುವಳು. ತುಟಿಯಲ್ಲೇ ಏನೋ ಅನ್ನುವಳು. ಕೆಳಗಿನಿಂದ ಕಿತ್ತುಹೋದ ಚಪ್ಪಲಿ ಎಳೆದಂಥ ಸದ್ದು ಬರುವುದು, ಒಂದು ಹೆಜ್ಜೆ ಸರಿಯಾಗಿ, ಇನ್ನೊಂದು ಪಟ್ ಎಂದು. ಗೋದಾಮಿನವರು ಯಾರೋ ಓಡಾಡುತ್ತಿದ್ದಾರೆ ಅಂದುಕೊಳ್ಳುತ್ತಿದ್ದೆ. ಆ ಸದ್ದು ನಿಂತ ಮೇಲೆ ಅವಳು ಬಾಗಿಲು ಹಾಕಿ, ಸ್ಪ್ಯಾನರ್ ಇಳಿಸಿ, ಮೂರು ಬಡಿತ. ಅಷ್ಟರೊಳಗೆ ನನ್ನ ರಕ್ತವೇ ಹಬೆಯಾಗಿರುತ್ತಿತ್ತು.

ಒಂದು ಬೆಳಗ್ಗೆ ತಡೆಯಲಾರದೆ ಮೆಟ್ಟಿಲುಗಳ ನಡುವಿನ ಬಾವಿಯಂಥ ಸಂದಿಗೆ ಬಗ್ಗಿ ಕೂಗಿದೆ. "ಏಯ್ ಬಸವನಹುಳು! ಇನ್ನೂ ಎಷ್ಟು ಹೊತ್ತು?"

"ಬಂದೆ!" ಎಂದಿತು ಕೆಳಗಿನಿಂದ ಒಂದು ಸಣ್ಣ ಪ್ರಾಯದ ದನಿ, ಗಾಬರಿಯಲ್ಲಿ.

ತಿರುಗಿ ನೋಡಿದರೆ ಸಾವಕಾಶಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಾಳೆ, ಸ್ಪ್ಯಾನರಿಗೆ ಕೈ ಚಾಚಿ. ಅವಳ ಮುಖ ಬಿಳಿಚಿಕೊಂಡಿತ್ತು.

"ಆ ಹೆಸರು ಹಿಡಿದು ಕರೀಬೇಡ ತಾಯಿ," ಅಂದಳು. "ನನ್ನನ್ನ ಏನು ಬೇಕಾದ್ರೂ ಅನ್ನು. ಕೆಳಗೆ ನೋಡ್ಕೊಂಡು ಮಾತ್ರ ಕೂಗ್ಬೇಡ."

"ಕೆಳಗ್ಯಾರಿದ್ದಾರೆ?"

"ಯಾರೂ ಇಲ್ಲ," ಅಂದಳು. ಆದರೂ ಆ ದಿನ ಎಂದಿಗಿಂತ ಹೆಚ್ಚು ಹೊತ್ತು ಕಾದು ಬಡಿದಳು. ನಾನು ಗೋದಾಮಿನ ಹುಡುಗಿಯರಿಗೆ ಬೈದು ಸಮಾಧಾನ ಮಾಡಿಕೊಂಡೆ.

ನನ್ನ ಮಗಳು ನಮ್ಮ ಇಸ್ತ್ರಿಮನೆಗೇ ಕೆಲಸಕ್ಕೆ ಸೇರಿದ್ದು ಅದೇ ವರ್ಷ. ಮನೆಯಲ್ಲಿ ನಾವಿಬ್ಬರೇ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಅನ್ನುತ್ತಾರಲ್ಲ, ನಮ್ಮ ಮನೆಯಲ್ಲಿ ನೂಲೇ ಬೇರೆ, ಸೀರೆಯೇ ಬೇರೆ. ನಾನು ಕಾಲಿಗೆ ಚಕ್ರ ಕಟ್ಟಿಕೊಂಡವಳು. ಅವಳು ಶೂ ಲೇಸು ಕಟ್ಟುತ್ತ ಕಟ್ಟುತ್ತ ಗೋಡೆಯ ಮೇಲಿನ ಇರುವೆ ಸಾಲು ಎಲ್ಲಿಗೆ ಹೋಗುತ್ತದೆ ಎಂದು ನೋಡುತ್ತ ಕೂರುವವಳು. ಹತ್ತೊಂಬತ್ತು ವರ್ಷ. ಅವಳಿಗೂ ಹೆಸರಿಟ್ಟಿದ್ದೆ: ಕನಸಿನ ಗಾಡಿ. ಬೈಯುವಾಗಲೂ ಅವಳ ಮುಖ ನೋಡಿದರೆ ನನಗೆ ನಗು ಬರುತ್ತಿತ್ತು. ಆ ಮುಖವೊಂದಿಲ್ಲದಿದ್ದರೆ ನಾನು ಯಾಕೆ ಏಳಬೇಕು, ಯಾಕೆ ಓಡಬೇಕು?

ಆಗಲೇ ಇನ್ನೊಂದು ಆಸ್ಪತ್ರೆಯ ಬಟ್ಟೆ ನಮಗೆ ಬರತೊಡಗಿತು. ಬೆಡ್‌ಶೀಟಿನ ರಾಶಿ ಎರಡರಷ್ಟಾಯಿತು. ಸರಿಯಾಗಿ ಏಳಕ್ಕೆ, ಹಬೆಯಿಂದ ಇಸ್ತ್ರಿ ಮಾಡುವ ರೋಲರುಗಳು ಬಿಸಿಯಾಗಿರಬೇಕು ಎಂದರು ಮ್ಯಾನೇಜರು. ನಾನು ಒಂದು ದಿನ ಯೋಚಿಸಿದೆ, ಮರುದಿನ ಉಪಾಯ ಸಿಕ್ಕಿತು. ಇಷ್ಟು ವರ್ಷ ಯಾರಿಗೂ ಯಾಕೆ ಹೊಳೆಯಲಿಲ್ಲ ಅನ್ನಿಸಿತು.

"ಇವತ್ತಿಂದ ನೀವು ಲಿಫ್ಟಲ್ಲಿ ಬನ್ನಿ," ಅಂದೆ ಸಾವಕಾಶಮ್ಮನಿಗೆ.

"ಬೇಡಮ್ಮ. ನಾನು ಹತ್ತಿಕೊಂಡೇ ಬರ್ತೀನಿ."

"ಮಂಡಿ ನೋವು ಅಂತ ನೀವೇ ಹೇಳ್ತಿರ್ತೀರಲ್ಲ?"

"ನೋವು ಇದ್ದಿದ್ದೇ. ಕೊನೇಲಿ ಬರೋಕೆ ಒಬ್ಬರು ಬೇಕಲ್ಲ."

"ಕೊನೇಲಿ ಬರೋಕೆ ಇಲ್ಲಿ ಜನಕ್ಕೇನು ಬರವಾ?" ಅಂದೆ. ಸುತ್ತ ಇದ್ದವರೆಲ್ಲ ಗೊಳ್ಳೆಂದರು. ಆ ನಗುವಿನ ಹುರುಪಿನಲ್ಲೇ ಅವಳ ತೋಳು ಹಿಡಿದು ಒದ್ದೆ ಬಟ್ಟೆಯ ಗಂಟಿನ ಮೇಲೆ ಕೂರಿಸಿ ಜಾಲರಿ ಎಳೆದೆ. ಎಮ್ಮೆರಾಯ ಗುಂಡಿ ಒತ್ತಿದ. ಅವಳು ಜಾಲರಿಯ ಸರಳು ಹಿಡಿದುಕೊಂಡು ಮೇಲೇರುತ್ತ ಕೂಗಿದಳು: "ಬಡಿಯೋ ಮುಂಚೆ ಸ್ವಲ್ಪ ಕಾಯೋಕೆ ಹೇಳಮ್ಮ! ಯಾರೇ ಆಗ್ಲಿ, ಸ್ವಲ್ಪ ಕಾಯೋಕೆ ಹೇಳು!"

ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಎರಡೆರಡು ಮೆಟ್ಟಿಲು ಹಾರಿ ಮೇಲೆ ಹೋಗಿ ಬಾಗಿಲಲ್ಲಿ ನಿಂತೆ.

ಆ ದಿನ ಕೊನೆಯವಳಾದದ್ದು ನನ್ನ ಮಗಳು. ಬೇರೆ ಯಾರಾಗಲು ಸಾಧ್ಯ? ಕೊನೆಯ ತಿರುವಿನಲ್ಲಿ ಅವಳ ತಲೆ ಕಂಡಿತು. ಅವಳ ಹಿಂದೆ, ಒಂದು ತಿರುವು ಕೆಳಗೆ, ಪಟ್, ಪಟ್ ಎನ್ನುವ ಸದ್ದು. ಬಟ್ಟೆಯ ಗಂಟಿನ ಮೇಲೆ ಕೂತು ಬಂದ ಸಾವಕಾಶಮ್ಮ ಇಸ್ತ್ರಿಮನೆಯ ಆ ತುದಿಯಲ್ಲಿ ಇನ್ನೂ ಲಿಫ್ಟಿನಿಂದ ಇಳಿಯುತ್ತಿದ್ದಳು.

"ಓಡಿ ಬಾರೇ!" ಅಂದೆ. ಮಗಳು ಓಡಿ ಬಂದಳು. ಬಾಗಿಲು ಹಾಕಿ ಸ್ಪ್ಯಾನರನ್ನು ಅವಳ ಕೈಗಿಟ್ಟೆ.

"ಅಮ್ಮಾ, ಹಿಂದೆ ಯಾರೋ ಬರ್ತಿದ್ರು..."

"ಯಾರೂ ಇಲ್ಲ. ಬಡಿ."

ಬಡಿದಳು. ಕೆಳಗಿನಿಂದ ಮೇಸ್ತ್ರಿಯ ಒಂದು ಬಡಿತ ಬಂತು. ಹಬೆ ಸುಯ್ಯೆಂದು ಏರಿತು. ಆಮೇಲೆ ಬಾಗಿಲಾಚೆ, ಪೈಪಿನ ನಡುವಿನಿಂದ ಎಲ್ಲಿಂದಲೋ, ಇನ್ನೊಂದು ಬಡಿತ ಕೇಳಿತು. ತೀರ ಮೆಲ್ಲಗೆ, ಬೆರಳ ಗಂಟಿನಿಂದ ಬಡಿದ ಹಾಗೆ. ಬಿಸಿಯಾಗುವ ಪೈಪು ಸದ್ದು ಮಾಡುವುದು ಹೊಸದೇನಲ್ಲ ಅಂದುಕೊಂಡೆ.

ಮಗಳು ಹೆಜ್ಜೆ ಮುಂದಿಡಲು ಹೋಗಿ ನಿಂತಳು. ಅವಳ ಏಪ್ರನ್ನಿನ ದಾರ ಬೆನ್ನ ಹಿಂದೆ ಬಾಗಿಲ ಸಂದಿಗೆ ಸಿಕ್ಕಿಕೊಂಡಿತ್ತು. ನಾನೇ ಬಾಗಿಲನ್ನು ಅಂಗೈಯಗಲ ತೆರೆದು ಬಿಡಿಸಿದೆ. ದಾರ ಒದ್ದೆಯಾಗಿತ್ತು, ಬಿಸಿಯಾಗಿಯೂ ಇತ್ತು. ಆ ದಿನ ಏಳಕ್ಕೆ ಮೂರು ನಿಮಿಷ ಇರುವಾಗಲೇ ರೋಲರುಗಳು ಬಿಸಿಯಾದವು. ನನ್ನ ಹೆಮ್ಮೆಗೆ ಮಿತಿಯಿರಲಿಲ್ಲ.

ಸಾವಕಾಶಮ್ಮ ಆ ಮರುದಿನದಿಂದ ಕೆಲಸಕ್ಕೆ ಬರಲಿಲ್ಲ. ಮುನಿಸಿಕೊಂಡಿರಬೇಕು ಎಂದು ನಾನೂ ಸುಮ್ಮನಾದೆ.

ಮೊದಲು ಅದು ಒಂದು ನಗುವಿನಲ್ಲಿ ಕಾಣಿಸಿಕೊಂಡಿತು. ಊಟದ ಹೊತ್ತಿನಲ್ಲಿ ಜೋಗುಳ ಏನೋ ತಮಾಷೆ ಹೇಳಿದಳು, ಎಲ್ಲರೂ ನಕ್ಕರು. ಎಲ್ಲರ ನಗು ಮುಗಿದು ಡಬ್ಬಿಗಳ ಮುಚ್ಚಳ ಬಿದ್ದ ಮೇಲೆ ನನ್ನ ಮಗಳೊಬ್ಬಳೇ ನಕ್ಕಳು. "ಬೆಂಕಿ ಬಿದ್ದ ಮೇಲೆ ಬಾವಿ ತೋಡೋಳು ನೀನು," ಅಂದೆ. ಎರಡು ದಿನ ಬಿಟ್ಟು, ಬೆಳಗ್ಗೆ ಚಹಾ ಕುಡಿದು ಲೋಟ ತೊಳೆದಿಟ್ಟು ಬಸ್ಸು ಹತ್ತಿದ ಮೇಲೆ, ತುಟಿ ಮುಟ್ಟಿಕೊಂಡು "ಸ್ಸ್, ಬಿಸಿ" ಅಂದಳು. ನಾನು ನಕ್ಕೆ. ಅದರ ಮರುದಿನ ಹೆಸರು ಹಿಡಿದು ಕರೆದರೆ, ಹತ್ತು ಬೆಡ್‌ಶೀಟು ಮಡಿಸುವಷ್ಟು ಹೊತ್ತಾದ ಮೇಲೆ "ಏನಮ್ಮ?" ಎಂದು ತಿರುಗಿದಳು. ಆಗ ನಗಲಿಲ್ಲ. ಬೈದೆ. ನನಗೆ ಗೊತ್ತಿದ್ದ ಹೆಸರೆಲ್ಲ ಅಂದೆ. ಬೈದು ಮುಗಿಸಿ ಅಡುಗೆ ಮಾಡಿ ಬಡಿಸುವಾಗ ಅವಳ ಕಣ್ಣಲ್ಲಿ ನೀರು ಬಂತು.

ಕೈಕಾಲು ತಮ್ಮ ಪಾಡಿಗೆ ಕೆಲಸ ಮಾಡುತ್ತಿದ್ದವು. ಹತ್ತುತ್ತಿದ್ದಳು, ಇಳಿಯುತ್ತಿದ್ದಳು, ಮಡಿಸುತ್ತಿದ್ದಳು. ಅವಳು ಮಾತ್ರ ಎಲ್ಲೋ ಹಿಂದೆ ಇದ್ದಳು. ಡಾಕ್ಟರು ಕಣ್ಣಿಗೆ ಬೆಳಕು ಬಿಟ್ಟು ನೋಡಿ, ಸುಸ್ತು, ನಿದ್ದೆ ಸಾಲದು ಅಂದರು.

ಒಂಬತ್ತನೇ ದಿನ ಬೆಳಗ್ಗೆ ಒಂಬತ್ತಕ್ಕೆ ಅವಳ ಕೈ ರೋಲರಿಗೆ ತಾಗಿತು. ಚರ್ಮ ಸುಟ್ಟ ವಾಸನೆ ನನಗೆ ಬಂತು, ಅವಳಿಗೆ ಬರಲಿಲ್ಲ. ಅದೇ ಕೈಯಿಂದ ಮುಂದಿನ ಬೆಡ್‌ಶೀಟು ಎತ್ತಿದಳು. ನಾನು ಎಳೆದುಕೊಂಡು ಹೋಗಿ ನಲ್ಲಿಯ ಕೆಳಗೆ ಹಿಡಿದೆ. ಅಂಗೈ ಪೂರಾ ಬೊಬ್ಬೆ. "ನೋವಾಗ್ತಿಲ್ವೇನೇ? ನೋವಾಗ್ತಿಲ್ವಾ?" ಅಂತ ಕೂಗಿದೆ. ನೀರು ನೋಡುತ್ತ ನಿಂತಿದ್ದಳು, ಬೇರೆ ಯಾರದೋ ಕೈ ತೊಳೆಯುತ್ತಿರುವಂತೆ.

ಸಂಜೆ ಐದೂವರೆಗೆ, ಮನೆಯ ಕಿಟಕಿಯ ಹತ್ತಿರ ಸುಮ್ಮನೆ ನಿಂತಿದ್ದವಳು ಒಮ್ಮೆಲೇ ಕೈ ಹಿಡಿದುಕೊಂಡು ಚೀರಿದಳು. ನೆಲಕ್ಕೆ ಕುಸಿದು ಅತ್ತಳು. ನಾನು ಅಪ್ಪಿಕೊಂಡು ಕೂತೆ. ಐದು ನಿಮಿಷದ ಮೇಲೆ, ಬೆಳಗ್ಗೆ ನಲ್ಲಿಯ ಹತ್ತಿರ ಕೇಳಿದ ಪ್ರಶ್ನೆಗೆ ಉತ್ತರ ಬಂತು: "ಉರೀತಿದೆಯಮ್ಮಾ."

ನಾಳೆ ರಸ್ತೆ ದಾಟುವಾಗ ಲಾರಿಯ ಹಾರ್ನು ಅವಳಿಗೆ ಯಾವಾಗ ಕೇಳುತ್ತದೆ? ಇವತ್ತು ಎಂಟೂವರೆ ಗಂಟೆ. ಹೀಗೇ ಬೆಳೆದರೆ ಮುಂದಿನ ತಿಂಗಳು ಎಷ್ಟು ದಿನ, ಮುಂದಿನ ವರ್ಷ ಎಷ್ಟು ವರ್ಷ? ನಾನು ಸತ್ತ ಎಷ್ಟು ಕಾಲಕ್ಕೆ ಅವಳು "ಏನಮ್ಮ?" ಎಂದು ತಿರುಗುತ್ತಾಳೆ? ಆ ಅಪ್ಪುಗೆಯಲ್ಲೇ ಏಪ್ರನ್ನಿನ ದಾರ ನೆನಪಾಯಿತು. ಅದರ ಒದ್ದೆ, ಅದರ ಬಿಸಿ.

ಭಾನುವಾರ ಮಧ್ಯಾಹ್ನ ಸಾವಕಾಶಮ್ಮನ ಮನೆ ಹುಡುಕಿಕೊಂಡು ಹೋದೆ. ಒಂದೇ ಕೋಣೆ. ಮಂಚದ ಮೇಲೆ ಕಾಲು ಚಾಚಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು: "ಎಷ್ಟು ಹೊತ್ತು ಹಿಂದಿದ್ದಾಳೆ?"

"ಬೆಳಗ್ಗೆ ಆಗಿದ್ದು ಸಂಜೆಗೆ ಗೊತ್ತಾಗತ್ತೆ."

"ಇಷ್ಟು ಬೇಗ ಅಷ್ಟಾಯ್ತಾ! ಗಟ್ಟಿಯಾಗಿ ಹಿಡ್ಕೊಂಡಿದ್ದಾಳೆ. ಹೆದರಿದ್ದಾಳೆ, ಪಾಪ."

"ಯಾರು?"

"ನನ್ನ ತಂಗಿ," ಅಂದಳು.

ಮುಂದಿನದನ್ನು ಅವಳು ಹೇಳಿದ್ದು ಅವಳ ಹೆಜ್ಜೆಯಷ್ಟೇ ನಿಧಾನವಾಗಿ.

"ನನಗಾಗ ಇಪ್ಪತ್ತು. ನನ್ನ ಹೆಸರೇನು ಗೊತ್ತಾ? ಅಳಿಲು. ಇಡೀ ಲಾಂಡ್ರೀಲಿ ನನ್ನಷ್ಟು ಚುರುಕು ಯಾರೂ ಇರ್ಲಿಲ್ಲ. ತಂಗಿಗೆ ಹದಿನಾರು. ಅವತ್ತು ಆರನೇ ತಿರುವಲ್ಲಿ ಅವಳ ಚಪ್ಪಲಿ ಕಿತ್ತೋಯ್ತು. ಕೂತು ಸರಿ ಮಾಡ್ತಿದ್ದಳು. ನಾನು ಮೇಲಿಂದ ಕೂಗಿದೆ, ಬಸವನಹುಳು, ನಿನ್ನಿಂದ ಎಲ್ಲರಿಗೂ ತಡ ಅಂತ. ಬಂದೆ ಅಕ್ಕ ಅಂದಳು. ಇನ್ನು ಇಪ್ಪತ್ನಾಲ್ಕು ಮೆಟ್ಟಿಲು ತಾನೆ, ಹಬೆ ಏರೋದ್ರೊಳಗೆ ಬಂದ್ಬಿಡ್ತಾಳೆ ಅಂತ ಬಾಗಿಲು ಹಾಕಿ ಬಡಿದ್ಬಿಟ್ಟೆ. ಪೈಪು ಒಡೆದಿದ್ದು ಅವಳ ತಲೆ ಪಕ್ಕದಲ್ಲೇ."

ಅವಳು ನೀರು ಕುಡಿದಳು. ನಾನು ಲೋಟ ತೆಗೆದಿಟ್ಟೆ.

"ಅವಳಿಗೆ ಅದು ಗೊತ್ತಾಗಿಲ್ಲಮ್ಮ. ಇನ್ನೂ ಬರ್ತಾನೇ ಇದ್ದಾಳೆ. ತಡ ಆಯ್ತು, ಅಕ್ಕ ಬೈತಾಳೆ ಅಂತ. ಮುಂದೆ ಒಂದು ಬೆನ್ನು ಕಾಣ್ತಿದ್ರೆ ಸಾಕು, ತನ್ನ ಪಾಡಿಗೆ ತಾನು ಬರ್ತಾಳೆ. ಬಾಗಿಲಲ್ಲಿ ಒಂದು ನಿಮಿಷ ಕಾದು, ಬಂದ್ಯಾ ಅಂದ್ರೆ ಅವತ್ತಿಗೆ ಸಮಾಧಾನ. ಮುಂದಿರೋರು ಓಡಿದ್ರೆ ಗಾಬರಿಯಾಗಿ ಹಿಡ್ಕೋತಾಳೆ."

"ನೀವೇ ಬಂದುಬಿಡಿ," ಅಂದೆ. "ನಿಮ್ಮ ಕಾಲಿಗೆ ಬೀಳ್ತೀನಿ. ಒಂದು ದಿನ ಬನ್ನಿ."

ಅವಳು ಹೊದಿಕೆ ಸರಿಸಿದಳು. ಮಂಡಿಗಳು ಊದಿ ಹೊಳೆಯುತ್ತಿದ್ದವು. "ಅವತ್ತು ಲಿಫ್ಟಲ್ಲಿ ಕೂತೋಳು ಮತ್ತೆ ನೆಟ್ಟಗೆ ಏಳ್ಲಿಲ್ಲ. ನಲವತ್ತೆರಡು ವರ್ಷ ಹತ್ತಿದ ಕಾಲು. ಒಂದು ದಿನ ಬಿಡುವು ಸಿಕ್ಕಿದ್ದೇ ನೆಪ ಆಯ್ತು ಅದಕ್ಕೆ."

ನಾನು ಹೊದಿಕೆಯನ್ನು ಮತ್ತೆ ಅವಳ ಕಾಲ ಮೇಲೆಳೆದೆ. ಆಗ ಅವಳೇ ದಾರಿ ಹೇಳಿದಳು.

"ಮಗಳನ್ನ ಮುಂದೆ ಬಿಟ್ಟು ನೀನು ಹಿಂದೆ ಹತ್ತು. ನಿಮ್ಮಿಬ್ಬರ ನಡುವೆ ಅವಳಿರ್ತಾಳೆ. ಆರನೇ ತಿರುವಲ್ಲಿ ಚಪ್ಪಲಿ ಸರಿ ಮಾಡ್ಕೊಳ್ಳೋಕೆ ಕೂರ್ತಾಳೆ. ಆಗ ಅವಳನ್ನ ದಾಟಿ ನಡುವೆ ಬಾ. ಆಮೇಲೆ ಅವಳ ಹೆಜ್ಜೆಗೆ ನಿನ್ನ ಹೆಜ್ಜೆ. ನಿನ್ನ ಬೆನ್ನು ಹತ್ತಿರ ಕಂಡ್ರೆ ಮಗಳನ್ನ ಬಿಡ್ತಾಳೆ."

"ಎಷ್ಟು ನಿಧಾನ ಹತ್ಬೇಕು?"

"ಚಪ್ಪಲಿ ಕಿತ್ತುಹೋದೋರು ಹತ್ತೋ ಅಷ್ಟು," ಅಂದಳು. ನನ್ನ ಮುಖ ನೋಡಿ, ಬಹಳ ಹೊತ್ತು ನೋಡಿ, "ನಿನಗೆ ಆಗತ್ತಾ ತಾಯಿ?" ಅಂದಳು. ಹತ್ತು ವರ್ಷ ನಾನು ಕೊಟ್ಟ ಹೆಸರುಗಳೆಲ್ಲ ಒಟ್ಟಿಗೆ ತಿರುಗಿ ಬಂದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

ಸೋಮವಾರ ನಾನು ಆರೂವರೆಗೆ ಬೆಂಚಿನ ಮೇಲೆ ಕೂತಿದ್ದೆ. ಎಲ್ಲರೂ ನನ್ನನ್ನು ನೋಡಿ, ಏನೋ ತಪಾಸಣೆ ಇರಬೇಕು ಎಂದು ದಡದಡ ಹತ್ತಿಹೋದರು. ಮಗಳು ಕೊನೆಗೆ ಹೊರಟಳು, ಕೈಗೆ ಬಟ್ಟೆ ಸುತ್ತಿಕೊಂಡು. ಹನ್ನೆರಡು ಮೆಟ್ಟಿಲು ಅಂತರ ಬಿಟ್ಟು ನಾನು ಎದ್ದೆ.

ನಿಧಾನವಾಗಿ ಹತ್ತುವುದು ಎಷ್ಟು ಕಷ್ಟ ಎಂದು ಓಡುವವರಿಗೆ ಗೊತ್ತಿರುವುದಿಲ್ಲ. ಪ್ರತಿ ಮೆಟ್ಟಿಲೂ ತನ್ನ ಸವೆತ, ತನ್ನ ಬಿರುಕು ತೋರಿಸುತ್ತದೆ. ಎರಡನೇ ತಿರುವಿನ ಹೊತ್ತಿಗೆ ಮುಂದಿನ ಖಾಲಿ ಮೆಟ್ಟಿಲುಗಳ ಮೇಲೆ, ಮಗಳ ಬೆನ್ನಿಗೂ ನನಗೂ ನಡುವೆ, ಪಟ್ ಎಂದಿತು. ಏನೂ ಕಾಣಲಿಲ್ಲ. ಒದ್ದೆ ಬಟ್ಟೆಯನ್ನು ಬಿಸಿ ಇಸ್ತ್ರಿಯ ಕೆಳಗೆ ಹೆಚ್ಚು ಹೊತ್ತು ಬಿಟ್ಟಾಗ ಬರುವ ವಾಸನೆ ಮಾತ್ರ ಇತ್ತು. ನಾಲ್ಕನೇ ತಿರುವಿನಲ್ಲಿರುವಾಗ ಏಳರ ಗಂಟೆ ಹೊಡೆಯಿತು. ನನ್ನ ಕಾಲುಗಳು ತಾವಾಗಿಯೇ ಓಡಲು ಹೋದವು. ಕಂಬಿಯನ್ನು ಎರಡೂ ಕೈಯಿಂದ ಹಿಡಿದು ನಿಂತೆ.

ಆರನೇ ತಿರುವಿನಲ್ಲಿ ಸದ್ದು ನಿಂತಿತು. ಮೇಲೆ, ಏಳನೇ ತಿರುವಿನಲ್ಲಿ, ಮಗಳೂ ನಿಂತಳು, ಯಾರೋ ಹಿಡಿದು ನಿಲ್ಲಿಸಿದ ಹಾಗೆ. ಮೂಲೆ ಖಾಲಿಯಿತ್ತು. ಆದರೂ ಅಲ್ಲಿ ಕೂತವರ ಕಾಲು ತುಳಿಯಬಾರದಲ್ಲ ಎಂದು ನಾನು ಗೋಡೆಯ ಕಡೆಗೆ ಸರಿದು, ಏಪ್ರನ್ನನ್ನು ಒತ್ತಿ ಹಿಡಿದು ದಾಟಿದೆ. ಮೊಣಕಾಲಿಗೆ ಬೆಚ್ಚನೆಯ ಉಸಿರು ತಾಗಿತು. ಕೂಗಿಕೊಳ್ಳಬೇಕೆನ್ನಿಸಿತು. ಮಗಳ ಕುತ್ತಿಗೆಯ ಹಿಂದಿನ ಕೂದಲು ನೋಡುತ್ತ ಒಂದು ಮೆಟ್ಟಿಲು ಹತ್ತಿದೆ, ನಿಂತೆ. ಹಿಂದೆ ಪಟ್ ಎಂದಿತು. ಇನ್ನೊಂದು ಹತ್ತಿದೆ.

ಅಷ್ಟರಲ್ಲಿ ಮೇಲೆ ಕಾದು ಬೇಸತ್ತವರಿಗೆ ಧೈರ್ಯ ಬಂದಿತ್ತು. ಇಷ್ಟು ವರ್ಷದ್ದನ್ನು ಬಡ್ಡಿ ಸಮೇತ ತೀರಿಸಿಕೊಳ್ಳುವ ಅವಕಾಶ ಯಾರು ಬಿಡುತ್ತಾರೆ?

"ಆಮೇಲಮ್ಮ ನಾನೋ ನೀವೋ ಅಕ್ಕಾ?" ಎಂದು ಒಬ್ಬಳು. "ಎಮ್ಮೆರಾಯನ ಲಿಫ್ಟು ಕಳಿಸ್ಲಾ?" ಎಂದು ಇನ್ನೊಬ್ಬಳು. ನಗು ಮೆಟ್ಟಿಲ ಬಾವಿಯಲ್ಲಿ ಗುಂಯ್‌ಗುಟ್ಟಿತು. ನಾನು ಮುಂದಿನ ಮೆಟ್ಟಿಲಿಗೆ ಕಾಲಿಟ್ಟೆ. ಆಗ ಬಂದೆಬಂದೆ ಕಂಬಿಗೆ ಬಗ್ಗಿ, ಥೇಟು ನನ್ನದೇ ದನಿಯಲ್ಲಿ, ಗಂಟಲು ಹರಿಯುವಂತೆ ಕೂಗಿದಳು:

"ಏಯ್ ಬಸವನಹುಳು! ಇನ್ನೂ ಎಷ್ಟು ಹೊತ್ತು?"

"ಬಂದೆ!"

ಅದು ನನ್ನ ಕಿವಿಯ ಹತ್ತಿರವೇ ಬಂತು. ಹದಿನಾರು ವರ್ಷದ ಹುಡುಗಿಯ ದನಿ, ಅಳು ನುಂಗಿಕೊಂಡದ್ದು. ಪಟ್ ಪಟ್ ಪಟ್ ಎಂದು ಕಿತ್ತ ಚಪ್ಪಲಿ ಓಡತೊಡಗಿತು. ಮೇಲೆ ನನ್ನ ಮಗಳು ಹಿಂದಕ್ಕೆ ವಾಲಿದಳು, ಮೆಟ್ಟಿಲ ಮೇಲೆ ಅಂಗಾತ ಬೀಳುವವಳ ಹಾಗೆ. ಒಂದು ಕ್ಷಣ ನನ್ನ ಕಾಲೆರಡೂ ಓಡು ಎಂದವು. ಓಡಿದ್ದರೆ ಎಲ್ಲ ಮುಗಿಯುತ್ತಿತ್ತು. ಕೂತುಬಿಟ್ಟೆ. ಅಡ್ಡಲಾಗಿ, ಮೆಟ್ಟಿಲ ಮೇಲೆ ಕೂತು, ಹಿಂದೆ ತಿರುಗದೆ ಹೇಳಿದೆ.

"ನಿನ್ನನ್ನಲ್ಲಮ್ಮ. ನನ್ನನ್ನ ಕರೀತಿರೋದು. ಆ ಹೆಸರು ನಂದು."

ಸದ್ದು ನಿಂತಿತು.

"ನಾನೇ ಇಲ್ಲಿ ಎಲ್ಲರಿಗಿಂತ ನಿಧಾನ. ನಿನಗೇನೂ ತಡ ಆಗಿಲ್ಲ. ಯಾರೂ ಬೈಯಲ್ಲ. ನಿಧಾನವಾಗಿ ಬಾ, ನಾನಿರ್ತೀನಿ."

ಆಮೇಲೆ ನನ್ನ ಏಪ್ರನ್ನಿನ ದಾರ ಬೆನ್ನ ಹಿಂದೆ ಮೆಲ್ಲಗೆ ಬಿಗಿಯಾಯಿತು. ಜನಜಂಗುಳಿಯಲ್ಲಿ ಮಕ್ಕಳು ಹಿಡಿದುಕೊಳ್ಳುತ್ತವಲ್ಲ, ಹಾಗೆ. ಮೇಲೆ ಮಗಳು ನೀರಿನಿಂದ ಎದ್ದವಳಂತೆ ಉಸಿರೆಳೆದುಕೊಂಡು ತಿರುಗಿದಳು. "ಅಮ್ಮಾ? ಯಾಕೆ ಅಲ್ಲಿ ಕೂತಿದ್ದೀಯ?" ಅಂದಳು. ಆಗಲೇ, ಆ ಕ್ಷಣದಲ್ಲೇ ಅಂದಳು.

"ಬರ್ತೀನಿ, ನೀನು ನಡಿ," ಅಂದೆ.

ಉಳಿದ ಮೆಟ್ಟಿಲಿಗೆ ಇಪ್ಪತ್ತು ನಿಮಿಷ ಹಿಡಿಯಿತು. ಬಾಗಿಲಲ್ಲಿ ನಿಂತು ಕಾದೆ. ಯಾರೂ ನಗುತ್ತಿರಲಿಲ್ಲ. ಕೊನೆಯ ಪಟ್ ಸದ್ದು ಹೊಸ್ತಿಲ ಹತ್ತಿರ ನಿಂತಿತು. "ಬಂದ್ಯಾ?" ಅಂದು ಬಾಗಿಲು ಹಾಕಿ ಮೂರು ಸಲ ಬಡಿದೆ. ಕೆಳಗಿನಿಂದ ಒಂದೇ ಬಡಿತ ಬಂತು. ನಡುವಿನಿಂದ ಏನೂ ಬರಲಿಲ್ಲ.

ಈಗ ಬೆಂಚಿನ ಮೇಲೆ ದಿನಾ ನಾನು ಕೂರುತ್ತೇನೆ. ಸೂಪರ್‌ವೈಸರ್ ಕೆಲಸ ಜೋಗುಳಳಿಗೆ ಹೋಯಿತು. ಆಕಳಿಸುತ್ತಲೇ ಚೆನ್ನಾಗಿ ನಡೆಸುತ್ತಿದ್ದಾಳೆ. ರೋಲರುಗಳು ಏಳೂವರೆಗೆ ಬಿಸಿಯಾಗುತ್ತವೆ, ಆಸ್ಪತ್ರೆಯವರು ಸತ್ತಿಲ್ಲ. ಪಳಗುವ ತನಕ ಆ ಹುಡುಗಿ ದಾರ ಹಿಡಿದುಕೊಳ್ಳುತ್ತಾಳೆ, ಆಮೇಲೆ ತಾನೇ ಬಿಡುತ್ತಾಳೆ ಎಂದಿದ್ದಾಳೆ ಸಾವಕಾಶಮ್ಮ. ಸಾವಕಾಶಮ್ಮನಿಗೇ ಅದಕ್ಕೆ ಎರಡು ವರ್ಷ ಹಿಡಿಯಿತಂತೆ.

ಮಗಳಿಗೆ ನಾನೇನೂ ಹೇಳಿರಲಿಲ್ಲ. ಅವಳು ಕೂಡ ನನ್ನನ್ನು ಬಸವನಹುಳು ಎಂದು ರೇಗಿಸಿ ನಗುತ್ತಿದ್ದಳು. ಅವಳು ನಕ್ಕ ಎಷ್ಟೋ ಹೊತ್ತಿಗೆ ನಾನು ನಗುತ್ತಿದ್ದೆ. ಇವತ್ತು ಬೆಳಗ್ಗೆ ಪೈಪು ಬಿಸಿಯಾಯಿತೇ ಎಂದು ನೋಡಲು ಹೋಗಿ ಅಂಗೈ ಇಟ್ಟು ಹಾಗೇ ನಿಂತಿದ್ದೆನಂತೆ. ಅವಳು ಓಡಿಬಂದು ನನ್ನ ಕೈ ಕಿತ್ತು ನೋಡಿದಳು, ತನ್ನ ಅಂಗೈಯ ಕಲೆ ನೋಡಿದಳು, ನನ್ನ ಬೆನ್ನ ಹಿಂದಿನ ದಾರ ನೋಡಿದಳು. ಅವಳ ಮುಖ ಬದಲಾಯಿತು. ಎರಡು ಕೈಯಲ್ಲೂ ನನ್ನ ಕೆನ್ನೆ ಹಿಡಿದು ಏನೋ ಹೇಳಿದಳು, ಅಳುತ್ತ. ತುಟಿ ಅಲ್ಲಾಡಿದ್ದು ಕಂಡಿತು. ಕೈ ತಾಗಿದ್ದು ಗೊತ್ತಾಗಲಿಲ್ಲ.

ಈಗ ಸಂಜೆ. ಬಸ್ಸಿನಲ್ಲಿದ್ದೇವೆ, ಅವಳು ನನ್ನ ಭುಜಕ್ಕೆ ಒರಗಿ ಮಲಗಿದ್ದಾಳೆ. ಸ್ವಲ್ಪ ಹೊತ್ತಿಗೆ ಮುಂಚೆ ಅಂಗೈ ಉರಿಯತೊಡಗಿತು, ಹಲ್ಲು ಕಚ್ಚಿ ಕೂತೆ. ಇದೀಗ ಕೆನ್ನೆ ಎರಡೂ ಬೆಚ್ಚಗಾಗುತ್ತಿವೆ. ಒಂದು ಅಂಗೈ ನಯ, ಇನ್ನೊಂದು ಸುಟ್ಟ ಕಲೆಯ ಒರಟು. ಏನು ಹೇಳಿದಳೋ, ಇನ್ನು ಸ್ವಲ್ಪ ಹೊತ್ತಿಗೆ ಕೇಳಿಸುತ್ತದೆ. ಅವಸರವಿಲ್ಲ.